ಹೂಂ ಅನ್ನುವ ಮಾಸ್ತರು

“ನಿಮ್ಮ ಹತ್ರ ಅವರ ಧ್ವನಿ ಐತೇನ್ರಿ?”

ಮಾಸ್ತರು ತೀರಿಕೊಂಡು ಹತ್ತು ತಿಂಗಳಾದ ಮೇಲೆ ಅವರ ಹೆಂಡತಿ ಫೋನು ಮಾಡಿ ಕೇಳಿದ ಮೊದಲ ಮಾತು ಇದು. ಕ್ಷೇಮ ಸಮಾಚಾರ ಆಮೇಲೆ ಬಂತು. ಅವರನ್ನು ನಾನು ಅಕ್ಕಾವ್ರು ಅನ್ನುತ್ತೇನೆ. ಅಕ್ಕಾವ್ರು ಸುತ್ತಿ ಬಳಸಿ ಮಾತಾಡುವವರಲ್ಲ.

“ಫೋಟೋ ಭಾಳ ಅದಾವ್ರಿ. ಮಾರಿ ಕಣ್ಣಿಗೆ ಕಟ್ಟತೈತಿ. ಧ್ವನಿ ಬರವಲ್ದು. ಮೊನ್ನಿ ಅಡಗಿ ಮಾಡ್ಕೋತ ನೆನಸ್ಕೊಳಾಕ ಹೋದ್ನಿ. ಏನ್ ಮಾಡಿದ್ರೂ ಟಿವಿ ಒಳಗ ಸುದ್ದಿ ಓದಾಂವನ ಧ್ವನಿನ ಬರಾಕತ್ತು. ಎಂಥಾ ಚೊಲೊ ಧ್ವನಿ ಅವಂದು, ಆದ್ರ ನಾ ಏನ್ ಮಾಡ್ಲಿ ಅದನ್ನ ತಗೊಂಡು? ಐತವಾರಕ್ಕೊಮ್ಮಿ ನೀವು ಆ ಮಶಿನ್ ಹಿಡಕೊಂಡು ಅವರ ಕೂಡ ಹೋಗತಿದ್ರಲ್ಲ. ಅದ್ರಾಗ ಇರಬೇಕಲ್ರಿ?”

“ಇರತೈತ್ರಿ ಅಕ್ಕಾವ್ರ. ಹುಡುಕತೀನಿ,” ಅಂದೆ.

ಇಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಮೂರು ವರ್ಷದ ರೆಕಾರ್ಡಿಂಗುಗಳಿಂದ ಮಾಸ್ತರ ಧ್ವನಿಯನ್ನು ಹುಡುಕಿ ಹುಡುಕಿ ಅಳಿಸಿದವನು ನಾನೇ. ದ್ವೇಷದಿಂದಲ್ಲ, ಶಾಸ್ತ್ರೀಯ ಕಾರಣಕ್ಕೆ. ಆ ಕಾರಣ ಏನೆಂದು ಹೇಳಬೇಕಾದರೆ ಮಾಸ್ತರ ಬಗ್ಗೆಯೂ ಅವರು ಬೆನ್ನುಹತ್ತಿದ್ದ ಒಂದು ಕ್ರಿಯಾಪದದ ಬಗ್ಗೆಯೂ ಹೇಳಬೇಕು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನೀವೂ ಪೂರ್ತಿ ನಂಬಬೇಡಿ.

ಅವರು ಕೊಪ್ಪಳದ ಕಡೆಯವರು. ಹೈದರಾಬಾದಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿದ್ದರು. ಆಮೇಲೆ ಮೆಹದಿಪಟ್ಟಣಂನ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಈ ಊರಿನ ಕನ್ನಡಿಗರ ಬಾಯಲ್ಲಿ ಉಳಿದಿರುವ ಮಾತುಗಳನ್ನು ಚೀಟಿಗಳಲ್ಲಿ ಬರೆದಿಡುವ ಕೆಲಸ ಹಿಡಿದರು. ಚೀಟಿ ಅಂದರೆ ಹಳೆಯ ಲಗ್ನಪತ್ರಿಕೆಗಳನ್ನು ನಾಲ್ಕು ತುಂಡು ಮಾಡಿದ್ದು. ಒಂದು ಮಗ್ಗುಲಲ್ಲಿ ಮಾತು, ಇನ್ನೊಂದು ಮಗ್ಗುಲಲ್ಲಿ ಅರ್ಧ ವರ ಅಥವಾ ಕಾಲು ಗಣಪತಿ. ಚೀಟಿಯಲ್ಲಿ ಮೊದಲು ಆಡಿದ ಮಾತು, ಆಮೇಲೆ ಆಡಿದವರು ಯಾರು, ಆಮೇಲೆ ಆಗ ಏನು ನಡೆದಿತ್ತು. ಅರ್ಥ ಎಲ್ಲಕ್ಕಿಂತ ಕೆಳಗೆ. ಎಷ್ಟೋ ಚೀಟಿಗಳಲ್ಲಿ ಅದಕ್ಕೆ ಜಾಗವೇ ಉಳಿದಿರುತ್ತಿರಲಿಲ್ಲ.

“ಅರ್ಥ ಮೊದಲು ಬರಬೇಕ್ರಿ ಮಾಸ್ತರ,” ಎಂದು ನಾನು ತಕರಾರು ಮಾಡುತ್ತಿದ್ದೆ. ನಾನು ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದಿದವನು.

“ಅರ್ಥ ಎಲ್ಲಿಗೆ ಓಡಿ ಹೊಕ್ಕೈತೊ ಡಾಕ್ಟರ್ ಸಾಹೇಬ. ಹಿಂದಿಂದ ಬರತೈತಿ ಬಿಡು.”

ಡಾಕ್ಟರ್ ಸಾಹೇಬ ಅನ್ನುವುದು ನನ್ನ ಪಿಎಚ್‌ಡಿಗೆ ಅವರು ಕೊಡುತ್ತಿದ್ದ ಗೌರವ. ಮನೆಗೆ ಯಾರಾದರೂ ಬಂದಾಗ, “ಇವರು ಡಾಕ್ಟರು, ಆದ್ರ ಸೂಜಿ ಮಾಡಂಗಿಲ್ಲ, ಹೆದರಬ್ಯಾಡ್ರಿ,” ಎಂದು ಪರಿಚಯಿಸುತ್ತಿದ್ದರು.

ನಮ್ಮ ಪರಿಚಯವಾದದ್ದೂ ಒಂದು ಚೀಟಿಯ ದೆಸೆಯಿಂದ. ಯಾವುದೋ ಮದುವೆಯಲ್ಲಿ ಊಟದ ಸಾಲಿನಲ್ಲಿ ನಿಂತು ನಾನು ಫೋನಿನಲ್ಲಿ ಮಾತಾಡುತ್ತಿದ್ದೆ. ಹಿಂದಿನಿಂದ ಒಬ್ಬರು ಮೊಣಕೈ ಹಿಡಿದರು. ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಬಾಲ್‌ಪೆನ್ನು. “ಈಗ ಏನಂದ್ರಿ? ಇನ್ನೊಮ್ಮಿ ಅನ್ರಿ.” ನಾನು ಅಂದಿದ್ದು, “ಕತಿ ಹಚ್ಚಬ್ಯಾಡ, ಬರತೀಯೊ ಇಲ್ಲೊ ಅಷ್ಟ ಹೇಳು.” ನಾನು ಹಾಗೆ ಗದರಿದ್ದು ನನ್ನ ತಮ್ಮನನ್ನು ಎಂದು ನನ್ನ ನೆನಪು. ಮಾಸ್ತರ ಚೀಟಿಯಲ್ಲಿ ‘ಹೆಂಡತಿಗೆ’ ಎಂದಿದೆ. ನನಗೆ ಆಗ ಮದುವೆಯೇ ಆಗಿರಲಿಲ್ಲ ಎಂದು ವಾದಿಸಿದೆ. ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಆಗಿತ್ತಂತೆ.

‘ಕತಿ ಹಚ್ಚು’ ಅನ್ನುವ ಆ ಮಾತು ಮಾಸ್ತರಿಗೆ ಹಿಡಿದ ಹುಚ್ಚು. ನಮ್ಮ ಕಡೆ ಹಚ್ಚದೆ ಇರುವುದು ಯಾವುದಿದೆ? ದೀಪ ಹಚ್ಚುತ್ತೇವೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಮಕ್ಕಳನ್ನು ಸಾಲಿಗೆ ಹಚ್ಚುತ್ತೇವೆ, ಫೋನು ಹಚ್ಚುತ್ತೇವೆ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಹಾಗೆಯೇ ಕತೆಯನ್ನೂ. ನಾನು ಒಂದು ಅರ್ಥ ಬರೆದುಕೊಟ್ಟೆ: ‘ಕಥೆ ಹೇಳಲು ತೊಡಗು, ದೀರ್ಘವಾಗಿ ನಿರೂಪಿಸು.’ ಚೊಕ್ಕ ಅರ್ಥ. ಈಗ ಓದಿದರೂ ತಪ್ಪು ಕಾಣುವುದಿಲ್ಲ.

ಮಾಸ್ತರು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು, ಖೋಟಾ ನೋಟು ನೋಡುವವರ ಹಾಗೆ.

“ನೀ ಒಬ್ಬಾಂವನ ಖೋಲ್ಯಾಗ ಕುಂತು ಕತಿ ಹೇಳಬಲ್ಲೇನು?”

“ಹೇಳಬಹುದ್ರಿ. ರೇಡಿಯೋದಾಗ ಹೇಳಂಗಿಲ್ಲೇನು?”

“ಹೇಳಬಹುದು. ಹಚ್ಚಬಹುದೇನು?”

“ಅದೂ ಅಷ್ಟ ಅಲ್ರಿ?”

“ಅಷ್ಟ ಅಲ್ಲೊ! ಎದುರಿಗೆ ತಲಿ ಇಲ್ದ ಎಣ್ಣಿ ಹ್ಯಾಂಗ ಹಚ್ಚತಿ?”

“ದೀಪ ಹಚ್ಚಾಕ ತಲಿ ಬೇಕೇನ್ರಿ?”

“ಅದಕ್ಕ ಬತ್ತಿ ಬೇಕಲ್ಲೊ!”

ಇಂಥ ವಾದವನ್ನು ಯಾವ ಪತ್ರಿಕೆಯೂ ಪ್ರಕಟಿಸುವುದಿಲ್ಲ. ಅದನ್ನೇ ಅವರಿಗೂ ಹೇಳಿದೆ. ಒಳಗಿನಿಂದ ಚಹಾ ತಂದ ಅಕ್ಕಾವ್ರು, “ಬಂದೋರ ಮುಂದ ಕತಿ ಹಚ್ಚಿ ಚಾ ಆರಸ್ತಾರ ನೋಡ್ರಿ,” ಅಂದರು. ಮಾಸ್ತರು ಚಹಾ ಬಿಟ್ಟು ಚೀಟಿ ತೆಗೆದರು. ಮಾತು ಬರೆದರು. ಆಡಿದವರು: ಮನಿಯಾಕಿ. ಆಗ ಏನು ನಡೆದಿತ್ತು: ಚಾ ಆರಾಕತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, “ಬಂದೋರ ಮುಂದ ಅಂದ್ಲಿಲ್ಲೊ? ಮುಂದ ಒಬ್ಬರು ಇರಬೇಕು,” ಅಂದರು. ಗೆದ್ದ ಸಂತೋಷಕ್ಕೆ ಆ ತಣ್ಣನೆಯ ಚಹಾವನ್ನು ಬಿಸಿ ಇದ್ದ ಹಾಗೆ ಊದಿ ಊದಿ ಕುಡಿದರು.

ಮಾಸ್ತರ ಪ್ರಕಾರ ಎದುರಿಗೆ ಒಬ್ಬರು ಕೂತರೂ ಸಾಲದು, ಹೂಂ ಅನ್ನಬೇಕು. ಕತೆ ಹೇಳುವವರು ಒಂದು ಮಾತು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕೇಳುವವರ ಹೂಂ ಬಂದಿರಬೇಕು. ಹೂಂ ನಿಂತರೆ ಕತೆಯೂ ನಿಲ್ಲಬೇಕು. ಇದು ನಮ್ಮ ಅಜ್ಜಿಯರೆಲ್ಲ ಮಾಡುತ್ತಿದ್ದ ಪದ್ಧತಿಯೇ. ಆದರೆ ಮಾಸ್ತರು ಅದನ್ನು ಶಾಲೆಯಲ್ಲಿ ಕಾಯಿದೆ ಮಾಡಿದ್ದರಂತೆ. ತಡವಾಗಿ ಬಂದ ಹುಡುಗ ಕಾರಣವನ್ನು ತರಗತಿಯ ಮುಂದೆ ನಿಂತು ಹೇಳಬೇಕು. ತರಗತಿ ಹೂಂ ಅನ್ನುವವರೆಗೂ ಅವನು ಒಳಗೆ, ಹೂಂ ನಿಂತರೆ ಹೊರಗೆ. ಮುಷೀರಾಬಾದಿನ ರಸ್ತೆಯಲ್ಲಿ ಒಂಟೆ ಅಡ್ಡ ಬಂತು ಎಂದು ಒಬ್ಬ ಒಂದು ಇಡೀ ಪಿರಿಯಡ್ ಒಳಗೇ ಉಳಿದನಂತೆ. ಈ ಒಂಟೆಯನ್ನು ನನಗೆ ಹೇಳಿದ್ದು ಅವರ ಹಳೆಯ ವಿದ್ಯಾರ್ಥಿಯೋ ಮಾಸ್ತರೋ ಮರೆತಿದ್ದೇನೆ. ಒಂಟೆಯನ್ನು ಮಾತ್ರ ಮರೆತಿಲ್ಲ.

ಕೇಳುವುದಕ್ಕೆ ಕೂರುವಾಗ ಮಾಸ್ತರು ಕೈಗಡಿಯಾರ ಬಿಚ್ಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಹಣ್ಣು ಮಾರುವವಳ ಎದುರು ಬಿಚ್ಚಿದ್ದಾರೆ, ಉಪ್ಪಲ್‌ನ ಮೆಟ್ರೋ ಮೆಟ್ಟಿಲ ಮೇಲೆ ಕೂತ ಬೀದರದ ಗಾರೆ ಕೆಲಸದವನ ಎದುರು ಬಿಚ್ಚಿದ್ದಾರೆ. ಒಮ್ಮೆ ಆಟೋದವನು ತನ್ನ ಮೂರು ಮದುವೆಗಳ ವಿಷಯ ತೆಗೆದಾಗ, ಇಳಿಯುವ ಜಾಗ ದಾಟಿ ಎರಡು ಸಿಗ್ನಲ್ ಹೋದರೂ ಹೂಂ ಅನ್ನುತ್ತಲೇ ಇದ್ದರು. ನಾನು ಮಾತಾಡುವಾಗ ಮಾತ್ರ ಗಡಿಯಾರ ಬಿಚ್ಚಿದ್ದು ನೆನಪಿಲ್ಲ. ನನ್ನ ಮಾತಿಗೆ ಅವರು “ಅಂದ್ರ?” ಅನ್ನುತ್ತಿದ್ದರು.

ಇನ್ನು ನನ್ನ ಶಾಸ್ತ್ರ. ಮಾಸ್ತರ ಚೀಟಿಗಳಿಗೆ ಆಧಾರವಾಗಿ ಧ್ವನಿಯೂ ಇರಲಿ ಎಂದು ನಾನೇ ಒಂದು ಸಣ್ಣ ರೆಕಾರ್ಡರ್ ಕೊಂಡೆ. ಉಪ್ಪಲ್ ಕಡೆ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಕೆಲಸಕ್ಕೆ ಬಂದ ಯಾದಗಿರಿ ಜಿಲ್ಲೆಯ ಕುಟುಂಬಗಳು ಅಲ್ಲೇ ತಗಡಿನ ಮನೆ ಹಾಕಿಕೊಂಡಿದ್ದವು. ಅವರಲ್ಲಿ ದೇವಮ್ಮ ಎಂಬ ಹೆಂಗಸು ಭಾಳ ಕತೆ ಬಲ್ಲವಳು ಎಂದು ತಿಳಿಯಿತು. ಮೊದಲ ಐತವಾರ ಮಾಸ್ತರಿಗೆ ಜ್ವರ. ನಾನು ಒಬ್ಬನೇ ಹೋದೆ. ನಮಗೆ ಕಲಿಸಿದ ನೇಮ ಏನೆಂದರೆ, ರೆಕಾರ್ಡ್ ಮಾಡುವವನು ತುಟಿ ಬಿಚ್ಚಬಾರದು. ಮಾತಾಡುವವರ ಧ್ವನಿಯ ಮೇಲೆ ಅವನ ನೆರಳೂ ಬೀಳಬಾರದು. ನಾನು ಕಲ್ಲಿನ ಹಾಗೆ ಕೂತೆ.

ದೇವಮ್ಮ ಕುಂಬಾರನ ಸೊಸೆಯ ಕತೆ ಶುರು ಮಾಡಿದಳು. ಸೊಸೆ ಗಂಡನ ಮನೆಗೆ ಬಂದಳು. ದೇವಮ್ಮ ನನ್ನ ಮುಖ ನೋಡಿದಳು. ಅತ್ತೆ ಅವಳನ್ನು ಬಾವಿಗೆ ಕಳಿಸಿದಳು. ಮತ್ತೆ ನೋಡಿದಳು. ನಾನು ಮಶಿನ್ ನೋಡುತ್ತಿದ್ದೆ. “ಬಾವ್ಯಾಗ ಬಿದ್ದು ಆಕಿ ಸತ್ಲು. ಅತ್ತಿನೂ ಸತ್ಲು. ಗಂಡನೂ ಸತ್ತ. ಮುಗೀತ್ರಿ,” ಅಂದಳು. ಒಟ್ಟು ಎರಡು ನಿಮಿಷ. ಆಮೇಲೆ ಪಕ್ಕದವಳಿಗೆ ಹೇಳಿದ್ದೂ ರೆಕಾರ್ಡಾಗಿದೆ: “ಈ ಸಾಹೇಬ ಕಣ್ ತಕ್ಕೊಂಡ ನಿದ್ದಿ ಮಾಡಾಕತ್ತಾನವ್ವ.”

ಮುಂದಿನ ಐತವಾರ ಮಾಸ್ತರು ಬಂದರು. ಇಟ್ಟಿಗೆಯ ಮೇಲೆ ಕೂತು ಗಡಿಯಾರ ಬಿಚ್ಚಿದರು. “ಕುಂಬಾರನ ಸೊಸಿ ಸತ್ಲಂತಲ್ಲ ತಾಯಿ, ಭಾಳ ಕೆಟ್ಟ ಅನ್ನಿಸ್ತು. ಹ್ಯಾಂಗ ಸತ್ಲು?” ಅಂದರು.

“ಯಾರ ಹೇಳಿದ್ರ್ಯಪ್ಪ ಸತ್ಲಂತ!” ಎಂದು ದೇವಮ್ಮ ಸೆರಗು ಸರಿ ಮಾಡಿಕೊಂಡಳು.

ಅದೇ ಕತೆ ಒಂದೂವರೆ ಗಂಟೆ ನಡೆಯಿತು. ಬಾವಿಯಲ್ಲಿ ಒಂದು ಹಾವಿತ್ತು, ಹಾವಿಗೆ ಒಬ್ಬ ತಂಗಿ ಇದ್ದಳು, ಅತ್ತೆಗೆ ಒಂದು ಹಳೆಯ ಸಂಕಟ ಇತ್ತು. ಪ್ರತಿ ಮಾತಿಗೆ ಮಾಸ್ತರ ಹೂಂ. ಆ ಹೂಂಗೆ ದೇವಮ್ಮ ಒಂದೊಂದು ಮೆಟ್ಟಿಲು ಹತ್ತಿದ ಹಾಗೆ ಮೇಲೆ ಮೇಲೆ ಹೋದಳು. ನಾವು ಎದ್ದಾಗಲೂ ಸೊಸೆ ಗಟ್ಟಿಮುಟ್ಟಾಗಿ ಬದುಕಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಮಾಸ್ತರು ನನ್ನ ತೊಡೆ ತಟ್ಟಿ, “ಡಾಕ್ಟರ್ ಸಾಹೇಬ, ಎರಡ ನಿಮಿಷದಾಗ ಮೂರು ಹೆಣಾ ಕೆಡವಿದ್ಯಲ್ಲೊ,” ಅಂದರು. ಮುಂದಿನ ಸೀಟಿನ ತೆಲುಗು ಮುದುಕಿ ಬೆಚ್ಚಿ ತಿರುಗಿ ನೋಡಿದಳು.

ಇಷ್ಟೆಲ್ಲ ಕಣ್ಣಾರೆ ಕಂಡವನು ಪಾಠ ಕಲಿಯಬೇಕಿತ್ತು. ನಾನು ಕಲಿತದ್ದು ಬೇರೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಕೇಳಿದಾಗ ಪ್ರತಿ ಸಾಲಿನ ಕೊನೆಗೂ ಒಂದು ಹೂಂ. ಬರೆದುಕೊಳ್ಳುವುದಕ್ಕೆ ಅಡ್ಡಿ, ಧ್ವನಿಯ ಅಳತೆ ತೆಗೆಯುವುದಕ್ಕೆ ಅಡ್ಡಿ. ಹೂಂಗಳನ್ನೂ ನಡುವೆ ಬಂದ ಮಾಸ್ತರ ಮಾತುಗಳನ್ನೂ ಒಂದೊಂದಾಗಿ ಕತ್ತರಿಸಿದೆ. ಅವು ಹೋದ ಮೇಲೆ ಉಳಿದ ಖಾಲಿ ಜಾಗವನ್ನೂ ಎಳೆದು ಕೂಡಿಸಿದೆ. ಆಮೇಲಿನ ಎಲ್ಲ ರೆಕಾರ್ಡಿಂಗುಗಳಿಗೂ ಅದೇ ಉಪಚಾರ. ಚೊಕ್ಕ ಮಾಡಿದ್ದನ್ನು ಇಟ್ಟುಕೊಂಡು, ಮೂಲವನ್ನು ಅಳಿಸಿ, ಅದೇ ರೆಕಾರ್ಡರನ್ನು ಮುಂದಿನ ಐತವಾರಕ್ಕೆ ಒಯ್ಯುತ್ತಿದ್ದೆ.

ಒಮ್ಮೆ ಮಾಸ್ತರಿಗೂ ಕೇಳಿಸಿದೆ. ಹೆಡ್‌ಫೋನ್ ಹಾಕಿಕೊಂಡು ಬಹಳ ಹೊತ್ತು ಕೇಳಿದರು. ಹೂಂ ಬರಬೇಕಾದ ಕಡೆಯೆಲ್ಲ ಅವರ ಕುತ್ತಿಗೆ ತಾನಾಗಿ ಮುಂದೆ ಬರುತ್ತಿತ್ತು, ಆದರೆ ಅಷ್ಟರಲ್ಲಿ ದೇವಮ್ಮ ಮುಂದಿನ ಮಾತಿಗೆ ಹೋಗಿರುತ್ತಿದ್ದಳು.

“ಇದ್ರಾಗ ನಾ ಎಲ್ಲಿ?”

“ನಿಮ್ಮನ್ನ ತೆಗದೀನ್ರಿ. ಗದ್ದಲ ಆಗತಿತ್ತು.”

ಮಾಸ್ತರು ಹೆಡ್‌ಫೋನ್ ತೆಗೆದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಜೀವಮಾನ ಎಲ್ಲಾ ಗದ್ದಲ ಮಾಡಬ್ಯಾಡ್ರಿ ಅಂತ ಸಾಲ್ಯಾಗ ಒದರಿದ್ನಿ. ಕಡೀಕ ನಾನ ಗದ್ದಲ ಆದ್ನೆಲ್ಲೊ!” ಆಮೇಲೆ ಹೆಡ್‌ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, “ಈಕಿ ಯಾರ ಮುಂದ ಹೇಳಾಕತ್ತಾಳಂತ ಗೊತ್ತಾಗವಲ್ದು ನೋಡು. ಪಾಪ, ತಲಿ ಕೆಟ್ಟಾಕಿ ಹಂಗ ಒಬ್ಬಾಕಿನ ಮಾತಾಡಾಕತ್ತಾಳ,” ಅಂದರು. ನಗುತ್ತಲೇ ಅಂದರು ಎಂದು ಇಷ್ಟು ದಿನ ನೆನಪಿಟ್ಟುಕೊಂಡಿದ್ದೆ. ಅಕ್ಕಾವ್ರ ಫೋನು ಬಂದ ಮೇಲೆ ಆ ನಗು ಎಲ್ಲಿ ನಿಂತಿತು ಅನ್ನುವುದು ನನಗೆ ಖಾತ್ರಿಯಿಲ್ಲ.

ಒಂದು ವಾರ ಎಲ್ಲವನ್ನೂ ಮತ್ತೆ ಕೇಳಿದೆ. ನನ್ನ ಕತ್ತರಿ ಭಾಳ ಚೂಪಾಗಿತ್ತು. ಆದರೆ ದೇವಮ್ಮನ ಕತೆಯ ನಡುವೆ ಒಂದು ಕಡೆ, ಸೊಸೆ ಹೊಸ್ತಿಲು ದಾಟುವಲ್ಲಿ, ಒಂದು ಹೂಂ ಅವಳ ಮಾತಿನ ಕೆಳಗೆ ಸಿಕ್ಕಿಕೊಂಡು ಉಳಿದಿತ್ತು. ಅದನ್ನು ಕತ್ತರಿಸಿದ್ದರೆ ಹೊಸ್ತಿಲೂ ಹೋಗುತ್ತಿತ್ತು. ಅದಕ್ಕೇ ಬಿಟ್ಟಿದ್ದೆ ಅಂತ ಕಾಣುತ್ತದೆ. ಅರ್ಧ ಸೆಕೆಂಡೂ ಇಲ್ಲ. ಅದನ್ನೇ ತೆಗೆದುಕೊಂಡು ಮೆಹದಿಪಟ್ಟಣಂಗೆ ಹೋದೆ.

ಅಕ್ಕಾವ್ರ ಮಗಳು ಶಂಶಾಬಾದ್ ವಿಮಾನ ನಿಲ್ದಾಣದ ಕೆಲಸಕ್ಕೆ ಹೋಗಿದ್ದಳು. ಅಕ್ಕಾವ್ರು ಕೇಳುವುದಕ್ಕೆಂದು ಚಾಳೀಸು ಹಾಕಿಕೊಂಡು ಕೂತಿದ್ದರು. ನಾನು ಲ್ಯಾಪ್‌ಟಾಪ್ ತೆರೆಯುವ ಮೊದಲು ಎಲ್ಲವನ್ನೂ ಹೇಳಿಬಿಟ್ಟೆ. ಹೇಳುವಾಗ ನನ್ನ ಶಾಸ್ತ್ರದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಅವರ ಧ್ವನಿ ಗದ್ದಲ ಅಂತ ತೆಗದ್ರಿ?”

“ಹೌದ್ರಿ.”

“ನಾನೂ ನಲ್ವತ್ತು ವರ್ಷ ಅದನ್ನ ಅಂದೀನಿ. ನನ್ನ ಕೈಯಾಗ ಕತ್ತರಿ ಇರಲಿಲ್ಲ ಅಷ್ಟ.” ನಕ್ಕರು. ನಾನೂ ನಗುವುದಕ್ಕೆ ಹೋದೆ. ಅಷ್ಟರಲ್ಲಿ ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೆಳಗೆ ನೋಡಿದರು. “ಮಂದಿಗೆಲ್ಲಾ ಹೂಂ ಹೂಂ ಅಂತ ಊರು ತಿರಗತಿದ್ರು. ಮನ್ಯಾಗ ನಾ ಏನರ ಹೇಳಿದ್ರ ಪೇಪರ್ ಹಿಂದಿಂದ ಹೂಂ. ಉಪ್ಪು ಮುಗದೈತಿ ಅಂದ್ರ ಹೂಂ. ನಾ ತವರಿಗೆ ಹೊಕ್ಕೀನಿ, ಬರಂಗಿಲ್ಲ ಅಂದ್ರೂ ಹೂಂ. ಸಿಟ್ಟು ಬರತಿತ್ರಿ. ಈಗ...” ಎಂದು ಮುಚ್ಚಿದ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದರು. “ಒಂದೂ ಉಳದಿಲ್ಲೇನ್ರಿ?” ಅಂದರು.

“ಒಂದು ಐತ್ರಿ.”

ಹಾಕಿದೆ. ದೇವಮ್ಮನ ‘ಹೊಸ್ತಿಲಾ ದಾಟಿದ್ಲು’, ಅದರ ಕೆಳಗೆ ಆ ಹೂಂ. ಅಕ್ಕಾವ್ರು ಅಲುಗಾಡಲಿಲ್ಲ. ಎರಡನೆಯ ಸಲ ಹಾಕಿದೆ. ಧ್ವನಿ ಹೆಚ್ಚು ಮಾಡಿ ಮೂರನೆಯ ಸಲ ಹಾಕಿದೆ. ಹುಬ್ಬು ಗಂಟಿಕ್ಕಿ ಚಾಳೀಸು ತೆಗೆದರು.

“ಇದು ಅವರದಲ್ಲ.”

“ಅವರದ ಐತ್ರಿ ಅಕ್ಕಾವ್ರ. ಅಲ್ಲಿ ಇದ್ದಾವ್ರು ನಾವಿಬ್ಬರ.”

“ಹಂಗಾರ ಇದು ನಿಮ್ಮದು.”

ಸಾಧ್ಯವೇ ಇಲ್ಲ ಎಂದೆ. ರೆಕಾರ್ಡ್ ಮಾಡುವಾಗ ನಾನು ತುಟಿ ಬಿಚ್ಚುವುದಿಲ್ಲ, ಅದು ನಮ್ಮ ನೇಮ, ಅಲ್ಲಿ ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ ಎಂದೆ.

“ನಿಮ್ಮ ನೆನಪು ನನಗ ಗೊತ್ತಿಲ್ಲೇನ್ರಿ? ಲಗ್ನಾ ಆಗಿದ್ದ ಮರ್ತಾವ್ರು ನೀವು. ಇದು ನಿಮ್ಮದ ಐತಿ. ಮುಂದೇನಾತು, ಲಗೂ ಹೇಳು ಅಂದಂಗ ಐತಿ, ಸಣ್ಣ ಹುಡುಗೂರ ಹೂಂ. ಅವರದು ಎಲ್ಲಿ ಹಿಂಗಿತ್ತು? ಅವರಿಗೆ ಏನೂ ಗಡಿಬಿಡಿ ಇರತಿರಲಿಲ್ರಿ. ಮೂಗಿನ್ಯಾಗಿಂದ ಬರತಿತ್ತು, ಕೆಳಗಿಂದ. ಹಿಂಗ...”

ಗದ್ದ ಸ್ವಲ್ಪ ಒಳಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಅಕ್ಕಾವ್ರು ಹೂಂ ಅಂದರು. ತಗ್ಗಿನಲ್ಲಿ ಶುರುವಾಗಿ, ಮೂಗಿನಲ್ಲಿ ಸ್ವಲ್ಪ ತಡೆದು, ಕೊನೆಗೆ ಒಂದು ಎಳೆ ಮೇಲೆ ಎದ್ದು ನಿಲ್ಲುವ ಹೂಂ.

ಅದು ಮಾಸ್ತರದೇ ಎಂದು ಆಣೆ ಮಾಡಿ ಹೇಳಲಾರೆ. ಒಂದು ವಾರ ಪ್ರಯತ್ನಪಟ್ಟರೂ ನನಗೆ ಅದು ನೆನಪಿಗೆ ಬಂದಿರಲಿಲ್ಲ, ಹೋಲಿಸಿ ನೋಡುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ. ಆದರೆ ಅದನ್ನು ಕೇಳಿದ್ದೇ ನಾನು ಅರ್ಧಕ್ಕೆ ಬಿಟ್ಟ ಮಾತನ್ನು ಮುಂದುವರಿಸಬೇಕು ಅನ್ನಿಸಿಬಿಟ್ಟಿತು.

ಅಕ್ಕಾವ್ರ ಕೈ ತಮ್ಮ ಗಂಟಲ ಮೇಲೆ ಹೋಗಿ ಅಲ್ಲೇ ನಿಂತಿತ್ತು. ಅವರು ನನ್ನನ್ನು ನೋಡಲಿಲ್ಲ. ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

“ನಿಮ್ಮದು ಇನ್ನೊಮ್ಮಿ ಹಾಕ್ರಿ,” ಅಂದರು.

ಹಾಕಿದೆ.

“ಛೀ, ಇದಲ್ಲ,” ಎಂದು ತಲೆ ಅಲ್ಲಾಡಿಸಿ, ಮತ್ತೆ ಕಣ್ಣು ಮುಚ್ಚಿಕೊಂಡರು.